ವಾಸೆಡಾದ ಪಾಠ, ಶಂಕರಘಟ್ಟದ ಹೊಣೆ

ಕಡೂರು, ತರೀಕೆರೆ, ಅಜ್ಜಂಪುರಗಳ ಸರ್ಕಾರಿ ಕಾಲೇಜುಗಳಲ್ಲಿ ಪದವಿ ಪಡೆಯುವವರ ಅಂಕಪಟ್ಟಿಯ ಮೇಲಿರುವುದು ಕುವೆಂಪು ವಿಶ್ವವಿದ್ಯಾಲಯದ ಮುದ್ರೆ. 1987ರಲ್ಲಿ ಸ್ಥಾಪನೆಯಾದ ಅದರ ‘ಜ್ಞಾನಸಹ್ಯಾದ್ರಿ’ ಆವರಣವಿರುವುದು ತರೀಕೆರೆಗೆ ಹತ್ತಿರದ ಶಂಕರಘಟ್ಟದಲ್ಲಿ. ಈ ಮುದ್ರೆಯ ಆಚೆಗೆ ವಿಶ್ವವಿದ್ಯಾಲಯಕ್ಕೂ ಈ ಸೀಮೆಗೂ ಇರಬೇಕಾದ ಸಂಬಂಧವಾದರೂ ಏನು?

ಈ ಪ್ರಶ್ನೆಗೆ ಜಪಾನಿನ ವಾಸೆಡಾ ವಿಶ್ವವಿದ್ಯಾಲಯ ಒಂದು ಉತ್ತರವನ್ನು ಒದಗಿಸುತ್ತದೆ. 1881ರಲ್ಲಿ ಸರ್ಕಾರದಿಂದ ಹೊರಬಿದ್ದ ರಾಜಕಾರಣಿ ಒಕುಮಾ ಶಿಗೆನೊಬು ಮರುವರ್ಷವೇ ಟೋಕಿಯೋದಲ್ಲಿ ಅದನ್ನು ಖಾಸಗಿ ವಿದ್ಯಾಸಂಸ್ಥೆಯಾಗಿ ಆರಂಭಿಸಿದರು. ಅಧಿಕಾರದ ಹಂಗಿಗೆ ಒಳಗಾಗದ ‘ವಿದ್ಯೆಯ ಸ್ವಾತಂತ್ರ್ಯ’ವೇ ಅದರ ಧ್ಯೇಯ. 1902ರಲ್ಲಿ ವಾಸೆಡಾ ಎಂಬ ಹೆಸರು ಪಡೆದ ಸಂಸ್ಥೆ ಇಂದು ಅರ್ಧಲಕ್ಷದ ಆಸುಪಾಸಿನ ವಿದ್ಯಾರ್ಥಿಗಳನ್ನು ಹೊಂದಿರುವ ಬೃಹತ್ ಸಂಶೋಧನಾ ಕೇಂದ್ರ. ಶೇಕ್ಸ್‌ಪಿಯರನ ಸಮಗ್ರ ನಾಟಕಗಳನ್ನು ಜಪಾನಿ ಭಾಷೆಗೆ ತಂದ ತ್ಸುಬೌಚಿ ಶೋಯೋ ಇಲ್ಲಿಯ ಪ್ರಾಧ್ಯಾಪಕರು. ಅವರ ನೆನಪಿನ ರಂಗಭೂಮಿ ವಸ್ತುಸಂಗ್ರಹಾಲಯ 1928ರಿಂದ ಅಲ್ಲಿದೆ.

ಆದರೆ ನಮಗೆ ಮುಖ್ಯವಾದುದು ಮತ್ತೊಂದು ಸಂಗತಿ. ಟೋಕಿಯೋಗೆ ಬರಲಾರದವರಿಗಾಗಿ ಈ ಸಂಸ್ಥೆ 1886ರಷ್ಟು ಹಿಂದೆಯೇ ತನ್ನ ಉಪನ್ಯಾಸಗಳನ್ನು ಮುದ್ರಿಸಿ ಹಳ್ಳಿಹಳ್ಳಿಗೆ ಕಳುಹಿಸತೊಡಗಿತು. ವಿದ್ಯೆಯೇ ವಿದ್ಯಾರ್ಥಿಯ ಮನೆಯ ಬಾಗಿಲಿಗೆ ನಡೆದುಹೋಯಿತು.

ಜಪಾನಿನ ಮಾದರಿ ನಮಗೆ ಹೊಸತಲ್ಲ. ವಿಶ್ವೇಶ್ವರಯ್ಯನವರು 1898ರಲ್ಲೇ ಆ ದೇಶವನ್ನು ಕಂಡುಬಂದವರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ದಿವಾನರಾಗಿದ್ದವರೂ ಅವರೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಅದಿರನ್ನು ಕೊಟ್ಟಿತು. ನೆಲದ ಸಂಪತ್ತನ್ನು ಹೊರಕ್ಕೆ ಕಳುಹಿಸಿದ ಸೀಮೆಗೆ ಜ್ಞಾನ ಮರಳಿ ಬಂದದ್ದೆಷ್ಟು?

ಸಂಶೋಧನೆಗೆ ಇಲ್ಲಿ ವಿಷಯದ ಬರವಿಲ್ಲ. ಅಜ್ಜಂಪುರದಲ್ಲಿ ಮೈಸೂರು ಅರಸರ ಕಾಲದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ತಳಿಯ ಜೊತೆಗೆ ಅದರ ಕಾವಲುಗಳ ಚರಿತ್ರೆಯೂ ಅಧ್ಯಯನಯೋಗ್ಯ. ಕಡೂರಿನ ಬರ ಮತ್ತು ತೆಂಗು, ತರೀಕೆರೆಯ ಅಡಿಕೆ, ಅಮೃತಾಪುರದ ಹೊಯ್ಸಳ ದೇಗುಲ, ಇವೆಲ್ಲವೂ ಪ್ರಬಂಧಗಳಾಗಬಲ್ಲವು. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ ಹೊರತಂದರು. ಆಗ ಜಿಲ್ಲೆಯ ಹೆಸರೇ ಕಡೂರು.

ವಾಸೆಡಾದಂತೆ ಶುಲ್ಕವನ್ನೇ ನೆಚ್ಚಿಕೊಂಡ ವಿಶ್ವವಿದ್ಯಾಲಯ ನಮಗೆ ಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ರಾಗಿ ಬೆಳೆಗಾರನ ಮಗಳು ಆ ಶುಲ್ಕವನ್ನು ಎಲ್ಲಿಂದ ತಂದಾಳು? ಸರ್ಕಾರದ ಹಣ ಅವಳಿಗೆ ಬೇಕೇ ಬೇಕು. ಹಣದೊಡನೆ ಬರುವ ಹಂಗು ಮಾತ್ರ ಬೇಡ. ವಾಸೆಡಾದಿಂದ ನಾವು ಪಡೆಯಬೇಕಾದುದು ಎರಡೇ: ಆಳುವವರ ಮುಖ ನೋಡದ ವಿದ್ಯೆ, ಹಳ್ಳಿಯತ್ತ ಮುಖ ಮಾಡಿದ ವಿದ್ಯೆ. ಪ್ರಾಧ್ಯಾಪಕರು ವರ್ಷಕ್ಕೆ ನಾಲ್ಕು ಬಾರಿಯಾದರೂ ಈ ಊರುಗಳಿಗೆ ಬಂದು, ತಮ್ಮ ಸಂಶೋಧನೆಯನ್ನು ರೈತರ ಮುಂದೆ ಕನ್ನಡದಲ್ಲಿ ಹೇಳಲಿ. ವಿಶ್ವಮಾನವ ಸಂದೇಶ ಸಾರಿದ ಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯಕ್ಕೆ ನೆರೆಯ ಊರು ದೂರವಾಗಬಾರದು.