ಪ್ರೇರಣೆ: ಒಂದು ಪದ, ಎರಡು ಶಾಸ್ತ್ರ

ತುದಿಗಳು ಕೂಡಿದ ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ತೂರಿಸಿದರೆ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡ ಈ ವಿದ್ಯಮಾನವನ್ನು ಭೌತಶಾಸ್ತ್ರದಲ್ಲಿ ನಾವು 'ಪ್ರೇರಣೆ' ಎನ್ನುತ್ತೇವೆ. ಮನುಷ್ಯನನ್ನು ಕಾರ್ಯಕ್ಕೆ ತೊಡಗಿಸುವುದನ್ನು ಮನಶ್ಶಾಸ್ತ್ರಜ್ಞರೂ ಇದೇ ಹೆಸರಿನಿಂದ ಕರೆಯುತ್ತಾರೆ. ವ್ಯಾಕರಣದಲ್ಲಿಯೂ ಇದಕ್ಕೆ ಸ್ಥಾನವುಂಟು: 'ಮಾಡು' ಎಂಬುದು 'ಮಾಡಿಸು' ಆದರೆ ಅದು ಪ್ರೇರಣಾರ್ಥಕ, ಅಲ್ಲಿ ಮಾಡಿಸುವವನೇ ಬೇರೆ, ಮಾಡುವವನೇ ಬೇರೆ.

ಹಾಗಾದರೆ ಓದುವ ವಿದ್ಯಾರ್ಥಿಯನ್ನು ಓದಿಸುವುದು ಯಾವುದು? ಸುರುಳಿಗಾದರೋ ಪ್ರೇರಣೆ ಹೊರಗಿನಿಂದಲೇ ಬರಬೇಕು. ಅಯಸ್ಕಾಂತ ನಿಂತೊಡನೆ ಪ್ರವಾಹವೂ ನಿಲ್ಲುತ್ತದೆ. ಬೆತ್ತದ ಭಯದಿಂದ ಸಾಗುವ ಓದಿನ ಗತಿಯೂ ಬಹುಮಟ್ಟಿಗೆ ಇದೇ. ಆದರೆ ಅಮೆರಿಕದ ಹ್ಯಾರಿ ಹಾರ್ಲೋ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ತಿನಿಸೂ ದೊರೆಯದಿದ್ದರೂ ಕೋತಿಗಳು ಕೊಂಡಿ ಚಿಲಕಗಳ ಒಗಟನ್ನು ಮತ್ತೆ ಮತ್ತೆ ಬಿಡಿಸಿದವು. 1971ರಲ್ಲಿ ಎಡ್ವರ್ಡ್ ಡೆಸಿ ಕಂಡುದು ಇನ್ನೂ ವಿಚಿತ್ರ. ಒಗಟು ಬಿಡಿಸಲು ಹಣ ಪಡೆದ ಕಾಲೇಜು ವಿದ್ಯಾರ್ಥಿಗಳು, ಹಣ ನಿಂತ ಮೇಲೆ, ಬಿಡುವಿನ ವೇಳೆಯಲ್ಲಿ ಅದರೊಡನೆ ಆಡುವುದು ಮೊದಲಿಗಿಂತ ಕಡಿಮೆಯಾಯಿತು!

ಇಲ್ಲಿ ನಮ್ಮ ಹೋಲಿಕೆ ಕೈಕೊಡುತ್ತದೆ. ಅಯಸ್ಕಾಂತವನ್ನು ತೆಗೆದ ಮೇಲೆ ಸುರುಳಿ ಮೊದಲಿದ್ದಂತೆಯೇ ಇರುತ್ತದೆ. ಡೆಸಿಯವರ ವಿದ್ಯಾರ್ಥಿಗಳು ಹಾಗಿರಲಿಲ್ಲ. ಹಣಕ್ಕೆ ಬದಲಾಗಿ ಮೆಚ್ಚುಗೆಯ ಮಾತನ್ನು ಕೇಳಿದ ಇನ್ನೊಂದು ಗುಂಪಿನಲ್ಲಿ ಮಾತ್ರ ಈ ಇಳಿಕೆ ಕಾಣಲಿಲ್ಲ.