ಬುತ್ತಿಯೊಳಗಿನ ಜೋಳದ ರೊಟ್ಟಿ

ಬಾದಾಮಿಯ ಗುಹಾಲಯಗಳನ್ನು ನೋಡಿಕೊಂಡು ಬನಶಂಕರಿಗೆ ಬರುವ ಶಾಲಾ ಮಕ್ಕಳಿಗೆ ದೇವಿಯ ದರ್ಶನಕ್ಕಿಂತ ಮೊದಲು ರೊಟ್ಟಿಬುಟ್ಟಿಯ ದರ್ಶನವಾಗುತ್ತದೆ. ಹರಿದ್ರಾತೀರ್ಥ ಹೊಂಡದ ಆಸುಪಾಸಿನಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ‘ಬರ್ರಿ, ಊಟಾ ಮಾಡ್ರಿ’ ಎಂದು ಕರೆಯುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಮೇಲೆ ಗಟ್ಟಿ ಮೊಸರು. ಬಾಗಲಕೋಟೆ ಜಿಲ್ಲೆಯ ಊಟದ ಪಾಠ ಅಲ್ಲಿಂದಲೇ ಆರಂಭ.

ಈ ಊಟ ಹುಟ್ಟಿದ್ದು ಇಲ್ಲಿನ ಎರೆಮಣ್ಣಿನಲ್ಲಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ, ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುತ್ತದೆ. ಕಾಳು ಮನೆಗೆ, ಕಣಿಕೆ ದನಕ್ಕೆ. ಮಳೆ ಕಡಿಮೆಯಿರುವ ಸೀಮೆಗೆ ಇದಕ್ಕಿಂತ ಒಪ್ಪುವ ಬೆಳೆ ಯಾವುದಿದೆ?

ರೊಟ್ಟಿ ಬಡಿಯುವುದರಲ್ಲಿ ವಿಜ್ಞಾನವೂ ಇದೆ. ಗೋದಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಆದ್ದರಿಂದ ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಿರಿಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಹದಗೊಂಡು ಅಂಟಿಕೊಳ್ಳುತ್ತದೆ. ಆಮೇಲೆ ಅಂಗೈಯಿಂದ ತಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ ಬೇಯಿಸುತ್ತಾರೆ. ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ದೂರದ ಊರಿನಲ್ಲಿ ಓದುವ ಮಗನ ಬುತ್ತಿಗೆ ಅವ್ವ ಅದನ್ನು ಕಟ್ಟುವುದು ಸುಮ್ಮನೆ ಅಲ್ಲ.

ರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಸೌತೆಕಾಯಿ ಕಚ್ಚಿಕೊಳ್ಳುವುದು ಇಲ್ಲಿನ ರೂಢಿ. ಸಾವಿರಾರು ಮೈಲಿ ಆಚೆಯ ವಿಯೆಟ್ನಾಂ ಜನರೂ ಊಟದ ನಡುವೆ ಪುದೀನ, ಕೊತ್ತಂಬರಿಯಂಥ ಹಸಿ ಸೊಪ್ಪುಗಳ ತಟ್ಟೆ ಇಟ್ಟುಕೊಳ್ಳುತ್ತಾರೆ. ಅವರದು ಅನ್ನ ಮತ್ತು ಅಕ್ಕಿ ಶಾವಿಗೆಯ ನಾಡು, ನಮ್ಮದು ರೊಟ್ಟಿಯ ನಾಡು. ಆದರೆ ಹಸಿರಿಲ್ಲದೆ ಊಟವಿಲ್ಲ ಎಂಬ ಮಾತು ಎರಡೂ ಕಡೆ ಒಂದೇ. ಶಾಕಾಂಬರಿ ಎಂದೇ ಹೆಸರಾದ ಬನಶಂಕರಿಗೆ ಜಾತ್ರೆಯ ಕಾಲದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯ ಮಾಡುವ ಸಂಪ್ರದಾಯವಿದೆ.

ಆದರೆ ಮಕ್ಕಳ ತಟ್ಟೆ ಬದಲಾಗಿದೆ. ಪಡಿತರದಲ್ಲಿ ಅಕ್ಕಿ ಸುಲಭವಾಗಿ ಸಿಗುತ್ತದೆ. ಶಾಲೆಯಲ್ಲಿ ಬಿಸಿಯೂಟದ ಅನ್ನ-ಸಾಂಬಾರು. ಹಸಿದ ಮಗುವನ್ನು ತರಗತಿಯಲ್ಲಿ ಉಳಿಸಿದ ಆ ಅನ್ನವನ್ನು ಹಳಿಯುವುದು ಸರಿಯಲ್ಲ. ನೀರಾವರಿ ಬಂದ ಕಡೆ ಜೋಳದ ಹೊಲಕ್ಕೆ ಕಬ್ಬು ಬಂತು. ಚಿಂತೆಯ ವಿಷಯವೆಂದರೆ ಡಬ್ಬಿಯಲ್ಲಿ ರೊಟ್ಟಿ ತೆರೆಯಲು ಮಕ್ಕಳು ನಾಚುವುದು, ಸಂಜೆ ಅಂಗಡಿಯ ಕುರುಕಲು ಪೊಟ್ಟಣಕ್ಕೆ ಕೈಚಾಚುವುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರಿನಂಶ ಇದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜಗತ್ತು ಹುಡುಕಿಕೊಂಡು ಬಂದ ಕಾಳು ನಮ್ಮ ಮನೆಯ ಹಗೇವಿನಲ್ಲಿದ್ದದ್ದೇ!

ಒಂದು ಮಾತನ್ನು ಮಾತ್ರ ಮರೆಯಬಾರದು. ರೊಟ್ಟಿ ಕಡಿಮೆಯಾಗಲು ದುಡಿಮೆಯೂ ಕಾರಣ. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು ಅವ್ವ. ಅವಳಿಗೆ ಒತ್ತಾಸೆಯಾದವಳು ಮಗಳು. ಹೊಗಳಿಕೆ ರೊಟ್ಟಿಗೆ, ದಣಿವು ಅವರಿಗೆ. ಮಗಳಿಗೆ ಓದಲು ಹೊತ್ತು ಸಿಗಬೇಕಾದರೆ ಮಗನೂ ಎಸರಿಡುವುದನ್ನು, ಹಿಟ್ಟು ನಾದುವುದನ್ನು ಕಲಿಯಬೇಕು.

ಪಾಲಕರೇ, ಬರುವ ರವಿವಾರ ಮಕ್ಕಳಿಬ್ಬರನ್ನೂ ಹಂಚಿನ ಮುಂದೆ ಕೂಡಿಸಿ. ಮೊದಲ ರೊಟ್ಟಿ ಭೂಪಟದಂತೆ ಬಂದರೂ ಚಿಂತೆಯಿಲ್ಲ. ತಾವೇ ಬಡಿದ ರೊಟ್ಟಿಯನ್ನು ಡಬ್ಬಿಯಲ್ಲಿ ಒಯ್ಯಲು ಯಾವ ಮಕ್ಕಳೂ ನಾಚುವುದಿಲ್ಲ.