ಕಾರಂತರ ಕಾದಂಬರಿ: ಒಬ್ಬನೊಳಗೆ ಹಲವರು

ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಜನಿಸಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ, ಹೀಗೆ ಅವರು ಕೈಯಿಡದ ಕ್ಷೇತ್ರ ವಿರಳ. ಆದರೂ ನಾಡು ಅವರನ್ನು ಮುಖ್ಯವಾಗಿ ನೆನೆಯುವುದು ಕಾದಂಬರಿಕಾರರೆಂದೇ.

‘ಚೋಮನ ದುಡಿ’ಯಲ್ಲಿ (1933) ಉಳಲು ತುಂಡು ನೆಲ ಬಯಸಿದ ದಲಿತನ ಕಥೆಯನ್ನು ಅವರು ನೇರವಾಗಿಯೇ ಹೇಳಿದರು. ‘ಮರಳಿ ಮಣ್ಣಿಗೆ’ಯಲ್ಲಿ ಕೋಡಿಯೆಂಬ ಕಡಲ ಕರೆಯ ಊರಿನ ಮನೆತನವೊಂದರ ಮೂರು ತಲೆಮಾರಿನ ಬಾಳನ್ನು ಹರಡಿದರು. ‘ಅಳಿದ ಮೇಲೆ’ (1960) ಬರುವ ಹೊತ್ತಿಗೆ ಕಥೆ ಹೇಳುವ ರೀತಿಯೇ ಬದಲಾಯಿತು.

ಯಶವಂತರಾಯರೆಂಬವರು ಮುಂಬಯಿಯಲ್ಲಿ ತೀರಿಕೊಂಡಿದ್ದಾರೆ. ಉಳಿದದ್ದು ಅವರ ಬರಹಗಳು, ಒಂದಿಷ್ಟು ಹಣ. ಲೇಖಕರೇ ಕಥೆಯೊಳಗೊಂದು ಪಾತ್ರವಾಗಿ ಸತ್ತವರ ಬಂಧುಗಳನ್ನು ಹುಡುಕಿ ಹೊರಡುತ್ತಾರೆ. ಕಂಡವರಲ್ಲಿ ಒಬ್ಬೊಬ್ಬರು ಹೇಳುವ ಯಶವಂತರೂ ಬೇರೆ ಬೇರೆ. ಇವರಲ್ಲಿ ನಿಜವಾದವರು ಯಾರು? ಉತ್ತರವನ್ನು ಓದುಗನೇ ಕೂಡಿಸಿಕೊಳ್ಳಬೇಕು. ಒಬ್ಬನ ಬಾಳಿಗೆ ಹಾಕಿದ ಈ ಪ್ರಶ್ನೆಯನ್ನು ‘ಮೂಕಜ್ಜಿಯ ಕನಸುಗಳು’ (1968) ಮನುಷ್ಯ ಕುಲದ ನಂಬಿಕೆಗಳಿಗೇ ಹಾಕಿತು. 1977ರ ಜ್ಞಾನಪೀಠ ಪ್ರಶಸ್ತಿ ಕಾರಂತರಿಗೆ ಸಂದಿತು. 1997ರ ಡಿಸೆಂಬರ್ 9ರಂದು ಅವರು ನಿಧನರಾದರು.

ಸತ್ತವರ ಬಗೆಗೆ ಊರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವುದುಂಟು. ಅದಕ್ಕೆ ಮುನ್ನ ಇನ್ನೊಂದು ಮನೆಯ ಬಾಗಿಲಿಗೂ ಹೋಗಿ ವಿಚಾರಿಸಬೇಕೆಂಬುದನ್ನು ‘ಅಳಿದ ಮೇಲೆ’ ನಮಗೆ ಕಲಿಸುತ್ತದೆ.